ಫೋರ್ಮನ್ ಸಾರ್ ಕಟ್ಟಿದ ಗೇಟು

ಹಳೆಯ ಕಂಪ್ಯೂಟರಿನ ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದಾಗ ಒಳಗಿನಿಂದ ಒಂದು ನಿಂಬೆಹಣ್ಣು ಉರುಳಿ ಬಂದು ನನ್ನ ಕಾಲಬಳಿ ನಿಂತಿತು. ಹಣ್ಣು ಎಂದದ್ದು ಮರ್ಯಾದೆಗೆ. ಒಣಗಿ ಕಪ್ಪಾಗಿ ಗೋಟಡಿಕೆಯಷ್ಟಾಗಿತ್ತು ಅದು. ಒಂದು ಬದಿಗೆ ಕುಂಕುಮದ ಗುರುತು ಇನ್ನೂ ಉಳಿದಿತ್ತು. ಎತ್ತಿ ಮೂಗಿನ ಹತ್ತಿರ ಹಿಡಿದೆ. ನಿಂಬೆಯ ವಾಸನೆ ಎಲ್ಲಿಂದ ಬರಬೇಕು? ಕಾದ ಧೂಳಿನ ವಾಸನೆ ಮಾತ್ರ ಬಂತು. ನನಗೆ ಅಷ್ಟೇ ಸಾಕಾಯಿತು...

ಶಿವಮೊಗ್ಗದ ವಿನೋಬನಗರದ ಆ ಮನೆಗೆ ಬಣ್ಣ ಹೊಡೆಸುವವರಿದ್ದರು. ಅದಕ್ಕೇ ಆಂಟಿ ಫೋನ್ ಮಾಡಿದ್ದರು. "ನಿಮ್ಮ ಸಾರ್ ಸಾಮಾನು ನಿಂಗೇ ಗೊತ್ತಾಗೋದು ಮಾರಾಯ್ತಿ. ಗುಜರಿಯವನಿಗೆ ಯಾವುದು, ಇಟ್ಕೊಳ್ಳೋದು ಯಾವುದು, ಬಂದು ಹೇಳು" ಎಂದಿದ್ದರು. ಸಾರ್ ಎಂದರೆ ಆಂಟಿಯ ಯಜಮಾನರು, ನನಗೆ ಮೊದಲ ಕೆಲಸ ಕೊಟ್ಟವರು. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫೋರ್ಮನ್ ಆಗಿದ್ದರು. ಕಾರ್ಖಾನೆ ಬಿಟ್ಟರೂ ಆ ಹೆಸರು ಅವರನ್ನು ಬಿಡಲಿಲ್ಲ. ಹಾಲಿನವನಿಂದ ಹಿಡಿದು ಡಾಕ್ಟರವರೆಗೆ ಎಲ್ಲರಿಗೂ ಅವರು ಫೋರ್ಮನ್ ಸಾರ್.

ಎರಡು ಸಾವಿರದ ಐದು-ಆರರ ಸುಮಾರಿನ ಮಾತು ಇದು. ನಾನು ಆಗಷ್ಟೇ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಹೊಸಮನೆಯ ನಮ್ಮ ಮನೆಯಲ್ಲಿ ಕೂತಿದ್ದೆ. ನಮ್ಮಪ್ಪನ ಪರಿಚಯದವರೊಬ್ಬರು "ವಿನೋಬನಗರದಲ್ಲಿ ಒಬ್ಬರು ಮನೆಯ ಹಿಂದಿನ ಕೋಣೇಲೇ ಇಂಟರ್‌ನೆಟ್ ಇಟ್ಟಿದಾರಂತೆ, ಹೋಗಿ ನೋಡು" ಎಂದರು. ಹೋದೆ. ಸಂದರ್ಶನದಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ. "ನೋಡಮ್ಮ, ಹೊರಗಿಂದ ಬರೋದು ಒಂದೇ ಲೈನು. ಒಳಗೆ ಮೂರು ಮಿಷಿನು. ಬಂದೋನು ಯಾವ ಮಿಷಿನ್ನಿಗೆ ಹೋಗ್ಬೇಕು ಅಂತ ಹೇಳೋರು ಯಾರು?"

ಪುಸ್ತಕದಲ್ಲಿ ಓದಿದ್ದು ನೆನಪಿತ್ತು. ರಿವರ್ಸ್ ಪ್ರಾಕ್ಸಿ ಸಾರ್ ಎಂದೆ. ಓದಿದವಳೆಂಬ ಜಂಬವೂ ಧ್ವನಿಯಲ್ಲಿ ಸ್ವಲ್ಪ ಇದ್ದಿರಬೇಕು. ಅವರು ನನ್ನನ್ನು ಕರುಣೆಯಿಂದ ನೋಡಿದರು.

"ಅಷ್ಟುದ್ದ ಯಾಕೆ? ಗೇಟು ಅನ್ನು, ಸಾಕು. ನಾಳೆಯಿಂದ ಬಾ."

ಅವರ ಪ್ರಕಾರ ಕಾರ್ಖಾನೆಗೂ ಈ ಕೋಣೆಗೂ ಏನೂ ವ್ಯತ್ಯಾಸವಿರಲಿಲ್ಲ. ಕಾರ್ಖಾನೆಗೆ ಬರುವ ಹೊರಗಿನವರಿಗೆ ಇರುವುದು ಒಂದೇ ಗೇಟು. ಅಲ್ಲಿದ್ದವನು ಯಾರನ್ನು ಕಾಣಬೇಕು ಎಂದು ಕೇಳಿ, ಕ್ಯಾಂಟೀನಿನವರನ್ನು ಕ್ಯಾಂಟೀನಿಗೆ, ಸ್ಟೋರಿನವರನ್ನು ಸ್ಟೋರಿಗೆ ಕಳಿಸುತ್ತಾನೆ. ನಮ್ಮ ಕೋಣೆಯಲ್ಲಿ ಆ ಕೆಲಸಕ್ಕೆ ಒಂದು ಕಂಪ್ಯೂಟರನ್ನೇ ಕೂರಿಸಿದ್ದೆವು. ಅದಕ್ಕೆ ಗೇಟು ಎಂದೇ ಹೆಸರು. ಅದರ ಹಿಂದೆ ಮೇಜಿನ ಮೇಲೆ ಸಾಲಾಗಿ ಮೂರು ಮಿಷಿನ್ನು. ಒಂದರಲ್ಲಿ ವಧು-ವರರ ಮಾಹಿತಿ. ಇನ್ನೊಂದರಲ್ಲಿ ಮದುವೆಗೆ ಬಾಡಿಗೆಗೆ ಸಿಗುವ ಪಾತ್ರೆ, ಶಾಮಿಯಾನ. ಮೂರನೆಯದರಲ್ಲಿ ಗದ್ದೆ ಉಳುವ ಸೆಕೆಂಡ್ ಹ್ಯಾಂಡ್ ಟಿಲ್ಲರು, ಪಂಪ್‌ಸೆಟ್ಟುಗಳ ಮಾರಾಟ, ಅದಕ್ಕೆ ಯಂತ್ರ ಸಂತೆ ಎಂದು ಹೆಸರು. ಇವನ್ನೆಲ್ಲ ದುಡ್ಡು ಕೊಟ್ಟು ದೂರದ ಕಂಪನಿಯ ಕಂಪ್ಯೂಟರಿನಲ್ಲಿ ಇಡಬಹುದಲ್ಲ ಎಂದು ನಾನೊಮ್ಮೆ ಕೇಳಿದ್ದೆ. "ನಮ್ಮ ಹುಡುಗರ ಜಾತಕ ಅಮೆರಿಕದವನ ಮನೇಲಿ ಯಾಕೆ ಇಡ್ಬೇಕು? ನಮ್ಮನೇಲಿ ಜಾಗ ಇಲ್ವಾ?" ಎಂದರು.

ಫೋರ್ಮನ್ ಸಾರ್‌ಗೆ ಒಂದು ಹುಚ್ಚಿತ್ತು. ಒಂದು ಸಲ ಮಾಡಿದ ಕೆಲಸವನ್ನು ಮನುಷ್ಯ ಎರಡನೇ ಸಲ ಮಾಡಬಾರದು, ಅದು ತಾನಾಗಿಯೇ ಆಗಬೇಕು. ಮನೆಯ ನೀರಿನ ಮೋಟರಿಗೆ ಅಲಾರಂ ಗಡಿಯಾರ ಕಟ್ಟಿ ತಾನಾಗಿ ಶುರುವಾಗುವಂತೆ ಮಾಡಿದ್ದರು. ಕರೆಂಟು ಹೋದರೆ ಗಡಿಯಾರ ನಿಲ್ಲುತ್ತಿತ್ತು. ಬಂದಾಗ ಮತ್ತೆ ಹೊರಡುತ್ತಿತ್ತು, ಆದರೆ ತನ್ನದೇ ಟೈಮಿನಲ್ಲಿ. ಒಂದು ದಿನ ಯಾರೂ ಇಲ್ಲದ ಹೊತ್ತಿನಲ್ಲಿ ಮೋಟರು ಶುರುವಾಗಿ, ಟ್ಯಾಂಕು ತುಂಬಿ ಹರಿದು, ಪಕ್ಕದ ಮನೆಯವರು ಒಣಹಾಕಿದ್ದ ಸಂಡಿಗೆಯೆಲ್ಲ ಮತ್ತೆ ಹಿಟ್ಟಾಯಿತು. ಆಂಟಿ ಹೋಗಿ ಕ್ಷಮೆ ಕೇಳಿ, ಅವರಿಗೆ ಹೊಸದಾಗಿ ಸಂಡಿಗೆ ಹಾಕಿಕೊಟ್ಟು ಬಂದರು. ಅದು ಮಾತ್ರ ತಾನಾಗಿ ಆಗಲಿಲ್ಲ.

ಕೋಣೆಯಲ್ಲೂ ಹಾಗೆಯೇ. ಬಂದವರನ್ನು ಯಾವ ಮಿಷಿನ್ನಿಗೆ ಕಳಿಸಬೇಕೆಂಬ ಗೇಟಿನ ನಿಯಮಗಳನ್ನು ನಾನು ಕೈಯಿಂದ ಬರೆಯುವುದು ಅವರಿಗೆ ಸರಿಬರಲಿಲ್ಲ. ಇಬ್ಬರೂ ಕೂತು ಒಂದು ಸ್ಕ್ರಿಪ್ಟು, ಅಂದರೆ ತಾನಾಗಿ ಓಡುವ ಪುಟ್ಟ ಪ್ರೋಗ್ರಾಮು ಬರೆದೆವು. ಕಾರ್ಖಾನೆಯಲ್ಲಿ ಹಾಜರಿ ಹಿಡಿಯುವ ಕಡೆಯ ಹೆಸರನ್ನೇ, ಟೈಂ ಆಫೀಸು ಎಂದು, ಅದಕ್ಕೆ ಅವರೇ ಇಟ್ಟರು. ಗಂಟೆಗೊಮ್ಮೆ ಅದು ತಾನಾಗಿ ಎದ್ದು ಒಂದೊಂದೇ ಮಿಷಿನ್ನಿನ ವಿಳಾಸಕ್ಕೆ ಹೋಗಿ "ಯಾರಾದರೂ ಇದ್ದೀರಾ" ಎಂದು ಕೇಳುತ್ತಿತ್ತು. ಇದ್ದರೆ ಗೇಟಿಗೆ ನಿಯಮ ಬರೆದುಕೊಟ್ಟು, ಮೂಲೆಯಲ್ಲಿದ್ದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ "ಎಲ್ಲ ಹಾಜರ್" ಎಂದು ಅಚ್ಚು ಹಾಕಿ ಮಲಗುತ್ತಿತ್ತು. ಆ ಪ್ರಿಂಟರಿನ ಕಿರುಚಾಟಕ್ಕೆ ನಾನು ಪ್ರತಿ ಗಂಟೆಗೂ ಬೆಚ್ಚಿಬೀಳುತ್ತಿದ್ದೆ. ಯಂತ್ರಗಳ ಸದ್ದಿನಲ್ಲಿ ಕಿವಿ ಸವೆಸಿಕೊಂಡಿದ್ದ ಸಾರ್‌ಗೆ ಅದು ಜೋಗುಳ. ಅದು ಅಚ್ಚು ಹಾಕುವಾಗ ಅವರ ಮುಖದಲ್ಲಿ ಕಾಣುತ್ತಿದ್ದ ನೆಮ್ಮದಿಯನ್ನು ನಾನು ಬೇರೆ ಯಾರ ಮುಖದಲ್ಲೂ ನೋಡಿಲ್ಲ.

ಆಂಟಿಗೆ ಮಾತ್ರ ನೆಮ್ಮದಿಯಿರಲಿಲ್ಲ. ಪಾತ್ರೆಯವನೂ ಟಿಲ್ಲರಿನವನೂ ಸಾರ್ ಸ್ನೇಹಿತರು, ಮುಖ ನೋಡಿ ಸೇರಿಕೊಂಡವರು, ದುಡ್ಡು ಕೊಡುವವರಲ್ಲ. ವಧು-ವರರ ಪುಟವನ್ನು ಸಾರ್ ತಾವೇ ಸಿದ್ಧಮಾಡಿ, ಭದ್ರಾವತಿಯಲ್ಲಿದ್ದ ತಮ್ಮ ಸಮಾಜದವರು ಒಪ್ಪಿಕೊಳ್ಳಲಿ ಎಂದು ಕಾಯುತ್ತಿದ್ದರು. ಆಂಟಿ ಗಡುವು ಹಾಕಿದ್ದರು. ದಸರಾದೊಳಗೆ ಸಮಾಜ ಒಪ್ಪಿದರೆ ಕೋಣೆ ಉಳಿಯುತ್ತದೆ. ಇಲ್ಲದಿದ್ದರೆ ಮಿಷಿನ್ನುಗಳನ್ನು ಮಾರಿ, ಭದ್ರಾವತಿಯಲ್ಲಿದ್ದ ಆಂಟಿಯ ತಮ್ಮನ ಸಿಮೆಂಟ್ ಅಂಗಡಿಯಲ್ಲಿ ಸಾರ್ ಹೋಗಿ ಕೂರಬೇಕು.

"ಅಲ್ಲಿ ನಾನೇನು ಮಾಡ್ಬೇಕು ಹೇಳು? ಕೂತಿರ್ಬೇಕು. ಕೂತಿರೋದು ಒಂದು ಕೆಲಸನಾ?" ಎಂದು ಸಾರ್ ನನ್ನ ಹತ್ತಿರ ಅಲವತ್ತುಕೊಳ್ಳುತ್ತಿದ್ದರು. ನಾನು ನಗುತ್ತಿದ್ದೆ. ಒಂದು ದಿನ ಮಾತ್ರ ನಗು ಬರಲಿಲ್ಲ. ಸ್ವಯಂ ನಿವೃತ್ತಿ ತೆಗೆದುಕೊಂಡ ದಿನ ಅವರು ಟೋಕನ್ ವಾಪಸು ಕೊಟ್ಟು ಬಂದಿದ್ದರಂತೆ. ಕಾರ್ಖಾನೆಯಲ್ಲಿ ಪ್ರತಿಯೊಬ್ಬನಿಗೂ ನಂಬರು ಹೊಡೆದ ಹಿತ್ತಾಳೆ ಬಿಲ್ಲೆಯೊಂದು ಇರುತ್ತಿತ್ತು, ಅದೇ ಟೋಕನ್. ಅವರದು 6147. ಅರವತ್ತೊಂದು ನಲವತ್ತೇಳು ಎಂದೇ ಅವರು ಹೇಳುತ್ತಿದ್ದರು. ಮಾರನೇ ವಾರ ಯಾವುದೋ ಕಾಗದಕ್ಕೆಂದು ಹೋದಾಗ, ವರ್ಷಗಟ್ಟಲೆ ದಿನಾ ನಮಸ್ಕಾರ ಹೊಡೆಯುತ್ತಿದ್ದ ಗೇಟಿನವನೇ ಅಡ್ಡ ನಿಂತು "ಯಾರು ನೀವು? ಪಾಸ್ ಇದೆಯಾ?" ಎಂದನಂತೆ.

"ಅವನದೇನೂ ತಪ್ಪಿಲ್ಲ. ರೂಲ್ಸು ಅಂದ್ರೆ ರೂಲ್ಸು" ಎಂದು ಸಾರ್ ಕನ್ನಡಕ ಒರೆಸಿಕೊಂಡರು. ಒರೆಸುತ್ತಲೇ ಇದ್ದರು... ಆಮೇಲೆ ಪ್ರಿಂಟರು ಕಿರುಚಿತು, ಮಾತು ಅಲ್ಲಿಗೇ ನಿಂತಿತು.

ಅಂತೂ ಸಮಾಜದ ಅಧ್ಯಕ್ಷರು ಒಂದು ದಾರಿಗೆ ಬಂದರು. ವಿಜಯದಶಮಿಯ ಬೆಳಿಗ್ಗೆ ಭದ್ರಾವತಿಯ ಸಮುದಾಯ ಭವನದಲ್ಲಿ ಎಲ್ಲರೂ ಸೇರುತ್ತಾರೆ, ಅಲ್ಲಿ ದೊಡ್ಡ ಪರದೆಯ ಮೇಲೆ ತೋರಿಸಿ, ಚೆನ್ನಾಗಿದ್ದರೆ ಅವತ್ತೇ ಒಪ್ಪೋಣ ಎಂದರು. ಸಾರ್ ಕುಣಿದಾಡಿದರು. ದಶಮಿ ಎಂದರೆ ಒಳ್ಳೆಯ ದಿನ. ಆದರೆ ಅದರ ಹಿಂದಿನ ದಿನ ಆಯುಧಪೂಜೆ ಎನ್ನುವುದು ನನಗೆ ಹೊಳೆಯಲಿಲ್ಲ.

ಅವರಿಗೆ ಹೊಳೆದಿತ್ತು. ಕಾರ್ಖಾನೆಯಲ್ಲಿ ಅವತ್ತು ಹತಾರಗಳಿಗೆಲ್ಲ ವಿಶ್ರಾಂತಿ. ಸ್ಪ್ಯಾನರು ಕೂಡ ಪೂಜೆಗೆ ಕೂತಿರುತ್ತದೆ, ಯಾರೂ ಮುಟ್ಟುವಂತಿಲ್ಲ. ಫೋರ್ಮನ್ ಸಾರ್ ನಮ್ಮ ಮಿಷಿನ್ನುಗಳನ್ನೂ, ಗೇಟನ್ನೂ, ಮೋಡೆಮ್ಮನ್ನೂ ಆರಿಸಿದರು. "ಸಾರ್, ಇಂಟರ್‌ನೆಟ್ಟಿಗೆ ಹಬ್ಬ ಇಲ್ಲ" ಎಂದೆ. "ಇಲ್ದೇ ಇದ್ರೆ ಅದರ ಕರ್ಮ. ನಮ್ಮನೇಲಿರೋ ಮಿಷಿನ್ನಿಗೆ ಇದೆ" ಎಂದರು. ಎಲ್ಲವನ್ನೂ ಒರೆಸಿ, ವಿಭೂತಿ ಪಟ್ಟೆ ಎಳೆದು, ಕುಂಕುಮವಿಟ್ಟು, ಸೇವಂತಿಗೆ ಹೂ ಮುಡಿಸಿದರು. ಪೆಟ್ಟಿಗೆಯ ತಲೆಯ ಮೇಲೆ ಇಟ್ಟ ನಿಂಬೆಹಣ್ಣು ನಿಲ್ಲದೆ ಉರುಳುತ್ತಿತ್ತು. ಆದ್ದರಿಂದ ತಗಡು ಬಿಚ್ಚಿ ಒಂದೊಂದರ ಹೊಟ್ಟೆಯೊಳಗೂ ಒಂದೊಂದು ಹಣ್ಣು ಇಟ್ಟರು. ನಾನು ಬಾಯಿ ಬಡಿದುಕೊಂಡೆ. ಅವರು ನನ್ನ ಕೈಗೆ ಕಡ್ಲೆಪುರಿಯ ಪೊಟ್ಟಣ ಕೊಟ್ಟು ಮನೆಗೆ ಕಳಿಸಿದರು.

ಮಾರನೇ ದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಅವರು ಪಂಚೆ, ಶಲ್ಯದಲ್ಲಿ ಮದುವೆ ಹೆಣ್ಣಿನ ತಂದೆಯ ಹಾಗೆ ಕಾಣುತ್ತಿದ್ದರು.

"ಎಲ್ಲ ಆನ್ ಮಾಡಿದ್ರಾ ಸಾರ್? ತೆಗೆದು ನೋಡಿದ್ರಾ?"

ಜೇಬಿನಿಂದ ಪ್ರಿಂಟರಿನ ಕಾಗದ ತೆಗೆದು ತೋರಿಸಿದರು. ಎಲ್ಲ ಹಾಜರ್. ಇನ್ನೇನು ಬೇಕು? ಇಬ್ಬರೂ ಬಸ್ಸು ಹತ್ತಿದೆವು.

ಭವನ ತುಂಬಿತ್ತು. ಅರ್ಧಕ್ಕರ್ಧ ಕಾರ್ಖಾನೆಯ ಜನ, ಉಳಿದವರು ಅಂಗಡಿ, ತೋಟದವರು. ಎದುರು ಸಾಲಿನಲ್ಲಿ ಸಾರ್ ಅವರ ಭಾವಮೈದ, ಅದೇ ಸಿಮೆಂಟ್ ಅಂಗಡಿಯವರು, ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ವೇದಿಕೆಯ ಮೇಲೊಂದು ಕಂಪ್ಯೂಟರು. ಅದಕ್ಕೆ ಭವನದ ಫೋನ್ ಲೈನು ಸಿಕ್ಕಿಸಿದ್ದೆವು, ಪುಟಗಳು ಸಾಲು ಸಾಲಾಗಿ ತೆವಳಿಕೊಂಡು ಇಳಿಯುತ್ತಿದ್ದವು. ಮೇಲಿನ ಶೀರ್ಷಿಕೆಯ ಪಟ್ಟಿ ಗೇಟಿನಿಂದ ಬರುತ್ತಿತ್ತು, ಅದರ ಕೆಳಗಿನದೆಲ್ಲ ಒಳಗಿನ ಮಿಷಿನ್ನಿನಿಂದ. ಅಧ್ಯಕ್ಷರು ಮಂಗಳವಾದ್ಯದ ನಡುವೆ ವಧು-ವರ ಎಂಬಲ್ಲಿ ಕ್ಲಿಕ್ ಮಾಡಿದರು. "ನಮ್ಮ ಸಮಾಜದ ಹೆಮ್ಮೆಯ ವರರು" ಎಂಬ ಪಟ್ಟಿ ಬಂತು. ಚಪ್ಪಾಳೆ. ಅಧ್ಯಕ್ಷರು ಮೈಕು ಹಿಡಿದು, ಇಳಿದಿಳಿದು ಬರುತ್ತಿದ್ದ ಸಾಲುಗಳನ್ನು ಗಂಭೀರವಾಗಿ ಓದಲು ಶುರುಮಾಡಿದರು.

"ಊರು, ಗಾಜನೂರು. ಮನೆತನ... ಮನೆತನ ಹಾಕಿಲ್ಲ. ಎಲ್ಲೂ ರಿಪೇರಿ ಆಗಿಲ್ಲ. ಬೆಳಿಗ್ಗೆ ಸ್ಟಾರ್ಟ್ ಆಗೋದು ಸ್ವಲ್ಪ ತಡ, ಆಮೇಲೆ ತೊಂದರೆ ಇಲ್ಲ. ಈಚೆಗೆ ಹೊಸ ಬಣ್ಣ ಹೊಡೆಸಿದೆ. ಇಷ್ಟವಿದ್ದವರು ಬಂದು ಓಡಿಸಿ..."

ಅಷ್ಟು ಹೊತ್ತಿಗೆ ಫೋಟೋ ಇಳಿಯಿತು. ಮೊದಲು ಎರಡು ಹ್ಯಾಂಡಲ್ಲು, ಆಮೇಲೆ ಒಂದು ಪವರ್ ಟಿಲ್ಲರು. ಭವನ ಸೂರು ಹಾರಿಹೋಗುವ ಹಾಗೆ ನಕ್ಕಿತು. ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತು "ಗಾಜನೂರಲ್ಲಿ ಯಾರ ಮನೇದು ಅದು? ನಂಗೆ ಬೇಕಿತ್ತು ಮಾರಾಯ್ರೇ!" ಎಂದು ನಿಜವಾಗಿಯೂ ವಿಚಾರಿಸಿದರು.

ಅಧ್ಯಕ್ಷರು ಬೆವರೊರೆಸಿಕೊಳ್ಳುತ್ತ, ಕೈಗೆ ಸಿಕ್ಕಿದ್ದನ್ನು ಒತ್ತಿದರು. ಸಿಕ್ಕಿದ್ದು ಯಂತ್ರ ಸಂತೆ. "ಸೆಕೆಂಡ್ ಹ್ಯಾಂಡ್, ಆದರೂ ಗಟ್ಟಿಮುಟ್ಟು" ಎಂಬ ದೊಡ್ಡ ಅಕ್ಷರದ ಪಟ್ಟಿ ಮೇಲೆ ಬಂತು. ಅದರ ಕೆಳಗೆ ಒಬ್ಬೊಬ್ಬರಾಗಿ ನಮ್ಮ ವರರು ಇಳಿದರು. ಮೊದಲನೆಯವನು ಕೋಟು, ಟೈ ಹಾಕಿ ನಗುತ್ತಿದ್ದ ಹುಡುಗ, ಸಿಮೆಂಟ್ ಅಂಗಡಿಯವರ ಸ್ವಂತ ಮಗ. ಅಲ್ಲಿಯವರೆಗೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ ಅವರು ಕಾಲ ಮೇಲಿನ ಕಾಲು ತೆಗೆದರು.

ಸಾರ್ ಮುಖ ಸುಣ್ಣವಾಗಿತ್ತು. "ಹಾಜರ್ ಅಂತಲ್ವಾ ಇತ್ತು... ಎಲ್ಲ ಹಾಜರ್ ಅಂತಲ್ವಾ ಇತ್ತು" ಎಂದು ಆ ಕಾಗದವನ್ನೇ ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ನನಗೆ ತಟ್ಟನೆ ಹೊಳೆಯಿತು.

"ಸಾರ್, ಬೆಳಿಗ್ಗೆ ಯಾವ ಕಡೆಯಿಂದ ಆನ್ ಮಾಡಿದ್ರಿ?"

"ಪೂರ್ವದಿಂದ. ದಶಮಿ ಅಲ್ವಾ? ಶುಭಕಾರ್ಯಕ್ಕೆ ಪೂರ್ವದಿಂದ ಶುರು ಮಾಡ್ಬೇಕು."

ನಮ್ಮ ಮೋಡೆಮ್ಮು ಮಿಷಿನ್ನುಗಳಿಗೆ ವಿಳಾಸ ಹಂಚುತ್ತಿದ್ದುದು ಬಂದವರಿಗೆ ಬಂದ ಹಾಗೆ. ಮೊದಲು ಎದ್ದವನಿಗೆ ಮೊದಲನೇ ವಿಳಾಸ. ದಿನಾ ಅವನ್ನು ಹಚ್ಚುವುದು ಪಶ್ಚಿಮದ ಹಿತ್ತಲ ಬಾಗಿಲ ಕಡೆಯಿಂದ. ವಧು-ವರ ಮೊದಲು, ನಡುವೆ ಪಾತ್ರೆ, ಕೊನೆಗೆ ಟಿಲ್ಲರು. ಹೀಗಾಗಿ ಯಾರ ವಿಳಾಸವೂ ಬದಲಾಗಿರಲಿಲ್ಲ. ಅವತ್ತು ಆರತಿ ಎತ್ತಿ ಪೂರ್ವದಿಂದ ಹಚ್ಚಿದ್ದರಿಂದ ಟಿಲ್ಲರಿಗೆ ವಧು-ವರರ ವಿಳಾಸ ಸಿಕ್ಕಿತ್ತು, ವಧು-ವರರಿಗೆ ಟಿಲ್ಲರಿನದು. ಟೈಂ ಆಫೀಸು ಹೋಗಿ ಯಾರಾದರೂ ಇದ್ದೀರಾ ಎಂದು ಕೇಳಿತ್ತು, ಎಲ್ಲರೂ ಇದ್ದೇವೆ ಎಂದಿದ್ದರು. ಯಾರ ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಎಂದು ಕೇಳುವುದನ್ನು ನಾವು ಅದಕ್ಕೆ ಹೇಳಿಕೊಟ್ಟಿರಲಿಲ್ಲ.

ಎಲ್ಲ ಆರಿಸಿ, ಸರಿಯಾದ ಸಾಲಿನಲ್ಲಿ ಮತ್ತೆ ಹಚ್ಚಬೇಕಿತ್ತು. ಆದರೆ ಮಿಷಿನ್ನುಗಳು ವಿನೋಬನಗರದಲ್ಲಿ, ನಾವು ಭದ್ರಾವತಿಯಲ್ಲಿ. ಮನೆಯಲ್ಲಿದ್ದವರು ಆಂಟಿ ಒಬ್ಬರೇ. ಆ ಕೋಣೆಯ ಹೊಸ್ತಿಲನ್ನು ಅವರು ಪೊರಕೆ ಹಿಡಿದು ಮಾತ್ರ ದಾಟುತ್ತಿದ್ದರು. ಸಾರ್ ಮೊಬೈಲು ತೆಗೆದು ಮನೆಯ ಕಾರ್ಡ್‌ಲೆಸ್ ಫೋನಿಗೆ ಹಚ್ಚಿದರು. ಕಿವಿ ಮಂದವಾದ್ದರಿಂದ ಅವರದು ಯಾವಾಗಲೂ ಸ್ಪೀಕರಿನಲ್ಲೇ ಮಾತು. ಅಧ್ಯಕ್ಷರು ಕೈಬಿಟ್ಟ ಮೈಕು ನಮ್ಮೆದುರಿನ ಕಂಪ್ಯೂಟರಿನ ಮೇಜಿನ ಮೇಲೇ ಬಿದ್ದುಕೊಂಡಿತ್ತು.

"ಹಲೋ! ಕೇಳಿಸ್ತಾ?"

"ಯಾಕೆ ಹಾಗೆ ಕಿರುಚ್ತೀರಿ? ಒಗ್ಗರಣೆಗೆ ಇಟ್ಟಿದೀನಿ" ಎಂದು ಆಂಟಿಯ ಧ್ವನಿ ಭವನದ ನಾಲ್ಕೂ ಮೂಲೆಯ ಸ್ಪೀಕರುಗಳಿಂದ ಬಂತು.

"ಒಲೆ ಆರ್ಸು. ಹಿಂದಿನ ಕೋಣೆಗೆ ಹೋಗು. ಎಲ್ಲ ಮಿಷಿನ್ನು ಬಂದ್ ಮಾಡು."

"ದೇವರು ಬುದ್ಧಿ ಕೊಟ್ಟ ಅನ್ನಿ. ಅಂತೂ ಮುಚ್ಚೋಕೆ ತೀರ್ಮಾನ ಮಾಡಿದ್ರಿ. ನಮ್ಮ ತಮ್ಮನಿಗೆ ಹೇಳಿದ್ರಾ?"

"ಮುಚ್ಚೋಕಲ್ಲ ಮಾರಾಯ್ತಿ, ಮತ್ತೆ ಹಚ್ಚೋಕೆ! ಸಿಮೆಂಟ್ ಅಂಗಡಿ ಮಾತು ಈಗ ಬೇಡ."

"ಬೇಡ ಅಂದ್ರೆ? ಆ ಅಂಗಡೀಲಿ ಏನಿದೆ ಅಂತ ನಂಗೂ ಗೊತ್ತು. ಅವನೇ ಕೂತು ಆಕಳಿಸ್ತಾನೆ, ಜೊತೆಗೆ ನೀವೂ ಆಕಳಿಸೋಕೆ ಹೋಗ್ಬೇಕಾ? ಅಲ್ಲಿ ಕೂರ್ಸೋಕೆ ನಂಗೇನು ಖುಷಿನಾ? ಇಡೀ ದಿನ ಆ ಕೋಣೇಲಿ ಮಿಷಿನ್ ಜೊತೆ ಮಾತಾಡ್ತಾ ಇರ್ತೀರಿ. ಕಾರ್ಖಾನೆ ಬಿಟ್ಟ ಮೇಲೆ ನಿಮಗೇನಾದ್ರೂ ಆಗ್ಬಿಡ್ತೇನೋ ಅಂತ ನಂಗೆ ಭಯ ಕಣ್ರೀ..."

ಸಭೆಯಲ್ಲಿ ನಗು ನಿಂತಿತು. ಸಾರ್ ಫೋನನ್ನೇ ನೋಡುತ್ತ ನಿಂತರು. ಮೈಕಿನವನು ವೇದಿಕೆಯ ಅಂಚಿಗೆ ಬಂದು, ಮೆಲ್ಲಗೆ "ಸಾರ್, ಮೈಕು ಆನಲ್ಲೇ ಇದೆ ಸಾರ್" ಎಂದ. ಅದು ಸಾರ್ ಒಬ್ಬರಿಗೆ ಕೇಳಿಸಲಿಲ್ಲ. ಮೈಕು ಆರಿಸಬೇಕಿದ್ದವಳು ನಾನು. ನನಗೂ ಕೈ ಬರಲಿಲ್ಲ, ಸತ್ಯ ಹೇಳುತ್ತೇನೆ, ಮುಂದಿನದು ಕೇಳಬೇಕಿತ್ತು.

"ಏನೂ ಆಗಲ್ಲ ನಂಗೆ" ಎಂದರು ಸಾರ್, ಧ್ವನಿ ಇಳಿಸಿ. "ಈಗ ಇದೊಂದು ಮಾಡ್ಕೊಡು. ಬಾಗಿಲ ಕಡೆಯಿಂದ ಒಂದೊಂದೇ ಹಚ್ಚು."

"ಯಾವ ಬಾಗಿಲು? ಅಡುಗೆಮನೆ ಬಾಗಿಲಾ, ಹಿತ್ತಲ ಬಾಗಿಲಾ?"

"ಹಿತ್ತಲದ್ದು."

"ಮೂರೂ ಒಂದೇ ಥರ ಇದಾವೆ. ಎಲ್ಲದಕ್ಕೂ ಕುಂಕುಮ, ಎಲ್ಲದಕ್ಕೂ ಹೂವು. ಒಂದೊಂದು ಹೆಸರು ಬರೆದು ಅಂಟ್ಸಿದ್ರೆ ನಿಮ್ಮ ಗಂಟು ಹೋಗ್ತಿತ್ತಾ? ನಾನು ಉಪ್ಪಿನಕಾಯಿ ಭರಣಿಗೂ ಚೀಟಿ ಹಚ್ತೀನಿ."

ಹೆಂಗಸರ ಕಡೆಯಿಂದ ಚಪ್ಪಾಳೆ ಬಂತು. ಆಮೇಲೆ ಇಡೀ ಭವನ ಉಸಿರು ಬಿಗಿಹಿಡಿದು ಆ ಕೋಣೆಯನ್ನು ಕೇಳಿಸಿಕೊಂಡಿತು. ಸ್ವಿಚ್ಚಿನ ಸದ್ದು, ಫ್ಯಾನು ಗುಂಯ್‌ಗುಟ್ಟುವುದು, ಸ್ವಲ್ಪ ಹೊತ್ತಿಗೆ ಬೀಪ್. "ಕೂಗ್ತು" ಎನ್ನುವರು ಆಂಟಿ. "ಈಗ ಪಕ್ಕದ್ದು" ಎನ್ನುವರು ಸಾರ್. ಎರಡನೇ ಬೀಪಿಗೆ ಹಿಂದಿನ ಸಾಲಿನ ಕಾರ್ಖಾನೆಯವರು ಹೋ ಎಂದರು. ಮೂರನೆಯದಕ್ಕೆ ಎಲ್ಲರೂ ಎದ್ದು ನಿಂತಿದ್ದರು. ದೂರದಲ್ಲಿ ಪ್ರಿಂಟರೂ ಕಿರುಚಿತು. "ಇದ್ಯಾವ ಪೀಡೆ!" ಎಂದು ಆಂಟಿ ಬೆಚ್ಚಿದ್ದು ಕೂಡ ಕೇಳಿಸಿತು.

ಅಧ್ಯಕ್ಷರು ಕಣ್ಣುಮುಚ್ಚಿ ವಧು-ವರ ಒತ್ತಿದರು. ಕೋಟು, ಟೈ ಹಾಕಿದ ಹುಡುಗ ಸರಿಯಾದ ಪಟ್ಟಿಯ ಕೆಳಗೆ ಬಂದು ನಿಂತ. ಅವನ ತಂದೆ ದೀರ್ಘವಾಗಿ ಉಸಿರು ಬಿಟ್ಟರು. ಅಧ್ಯಕ್ಷರು ಮೈಕು ಎತ್ತಿಕೊಂಡು, "ಸಮಾಜದ ಕೆಲಸ ಇವರಿಗೇ ಕೊಡೋಣ. ಆದ್ರೆ ದಿನಾ ಮಿಷಿನ್ ಹಚ್ಚೋದು ಮಾತ್ರ ಆ ಅಮ್ಮನೇ ಆಗ್ಬೇಕು" ಎಂದರು. ಊಟಕ್ಕೆ ಕೂತಾಗ ಭಾವಮೈದ ಸಾರ್ ಪಕ್ಕದಲ್ಲೇ ಬಂದು ಕೂತರು.

"ಭಾವ, ನೀವು ಅಂಗಡಿಗೆ ಬರೋದು ಬೇಡ ಬಿಡಿ. ಆಕಳಿಸೋಕೆ ನಾನೊಬ್ಬನೇ ಸಾಕಂತೆ."

ತಮ್ಮ ಮಾತು ಭದ್ರಾವತಿಗೆಲ್ಲ ಕೇಳಿಸಿದ್ದು ಆಂಟಿಗೆ ಗೊತ್ತಾದದ್ದು ಸಂಜೆ ಬನ್ನಿ ಕೊಡಲು ಬಂದ ನೆಂಟರಿಂದ. ದೀಪಾವಳಿಯವರೆಗೆ ಅವರು ಸಾರ್ ಜೊತೆಗಿರಲಿ, ನನ್ನ ಜೊತೆಗೂ ಮಾತಾಡಲಿಲ್ಲ. ಕಾಫಿ ಲೋಟ ಕುಕ್ಕಿ ಹೋಗುತ್ತಿದ್ದರು. ಆದರೆ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಮಿಷಿನ್ನುಗಳು ಹಿತ್ತಲ ಬಾಗಿಲ ಕಡೆಯಿಂದ ಒಂದೊಂದಾಗಿ ಎದ್ದು ಕೂತಿರುತ್ತಿದ್ದವು. ಮೂರರ ಮೇಲೂ ಆಂಟಿಯ ಕೈಬರಹದ ಚೀಟಿಗಳಿದ್ದವು.

ಸಾರ್‌ಗೆ ಚೀಟಿ ಸಾಲದಾಯಿತು. ಮನುಷ್ಯರು ಹಚ್ಚುವ ಸಾಲನ್ನು ನಂಬಿ ಗೇಟು ನಡೆಯಬಾರದು ಎಂದು ಮತ್ತೆ ಕೂತರು. ಈ ಸಲ ಟೈಂ ಆಫೀಸಿನ ಪ್ರಶ್ನೆಯನ್ನೇ ಬದಲಿಸಿದೆವು. ಯಾರಾದರೂ ಇದ್ದೀರಾ ಎಂದಲ್ಲ, ನೀನು ಯಾರು ಎಂದು ಕೇಳಬೇಕು. ಉತ್ತರದಲ್ಲಿ ಬಂದ ಹೆಸರನ್ನು ನೋಡಿ ಗೇಟಿಗೆ ನಿಯಮ ಬರೆಯಬೇಕು. ಹಾಗಾದರೆ ಯಾರು ಯಾವ ವಿಳಾಸದಲ್ಲಿ ಕೂತರೂ ಅಡ್ಡಿಯಿಲ್ಲ. ಆ ಪ್ರಶ್ನೆಗೆ ಪ್ರತಿ ಮಿಷಿನ್ನಿನಲ್ಲೂ ಒಂದು ಜಾಗ ಬೇಕಿತ್ತು. ಸಾರ್ ತಡವರಿಸುತ್ತ "ವಿಳಾಸದ ಕೊನೇಲಿ ಅರವತ್ತೊಂದು ನಲವತ್ತೇಳು ಅಂತ ಹಾಕಕ್ಕಾಗುತ್ತಾ?" ಎಂದರು.

"ಇಲ್ಲ ಸಾರ್. ಇನ್ನೂರೈವತ್ನಾಲ್ಕರ ಮೇಲೆ ಹೋಗಲ್ಲ."

"ಇಷ್ಟೇನಾ! ನಮ್ಮ ಕ್ಯಾಂಟೀನಲ್ಲೇ ಅದಕ್ಕಿಂತ ಜಾಸ್ತಿ ಜನ ಇದ್ರಲ್ಲ" ಎಂದು ನಿರಾಶರಾದರು.

ವಿಳಾಸ ಚಿಕ್ಕದಾದರೂ ಒಂದೊಂದು ಮಿಷಿನ್ನಿಗೂ ನಂಬರು ಹಾಕಿದ ಸಾವಿರಾರು ಬಾಗಿಲುಗಳಿರುತ್ತವೆ, ಪೋರ್ಟು ಎನ್ನುತ್ತೇವಲ್ಲ, ಅದು. 6147ನೇ ಬಾಗಿಲು ಖಾಲಿ ಇದೆ ಸಾರ್ ಎಂದೆ. ಅವರು ತಾವೇ ಕೀಲಿಮಣೆ ಎಳೆದುಕೊಂಡು, ಒಂದೊಂದೇ ಅಂಕಿಯನ್ನು ಒತ್ತಿದರು. ಟೈಂ ಆಫೀಸು ಹೊಸ ಬಾಗಿಲಿಗೆ ಹೋಗಿ ನೀನು ಯಾರು ಎಂದಿತು. ಮೂರೂ ಮಿಷಿನ್ನುಗಳು ತಂತಮ್ಮ ಹೆಸರು ಹೇಳಿದವು. ಪ್ರಿಂಟರಿನ ಕಾಗದ ಹರಿದುಕೊಂಡು ಸಾರ್ ಅಡುಗೆಮನೆಗೆ ಓಡಿದರು. ಆಂಟಿ ಅವತ್ತು ಮಾತಾಡಿದರೆಂದು ನನ್ನ ನೆನಪು...

ಆ ಕೋಣೆ ಕೆಲವು ವರ್ಷ ನಡೆಯಿತು. ಎಷ್ಟೋ ಮದುವೆಗಳಾದವು, ಕೋಟಿನ ಹುಡುಗನದೂ ಆಯಿತು. ದೊಡ್ಡ ದೊಡ್ಡ ಕಂಪನಿಗಳು ಬಂದ ಮೇಲೆ ಜನ ಅತ್ತ ಹೋದರು. ನಾನೂ ಶಿವಮೊಗ್ಗದಲ್ಲೇ ಬೇರೆ ಕೆಲಸ ಹಿಡಿದೆ. ಆಮೇಲೆ ಸಾರ್ ಕಾಯಿಲೆ ಬಿದ್ದರು. ನೋಡಲು ಹೋದಾಗೆಲ್ಲ ಸಲೈನು ಹನಿಯುವುದನ್ನು ತಾನಾಗಿ ನಿಲ್ಲುವಂತೆ ಮಾಡುವುದು ಹೇಗೆಂದು ನರ್ಸಿಗೆ ವಿವರಿಸುತ್ತಿದ್ದರು. ನರ್ಸು ಪಾಪ, ಕೇಳಿಸಿಕೊಳ್ಳುತ್ತಿದ್ದಳು. ಒಂದು ಸಲ ಹೋದಾಗ ಮಂಚ ಖಾಲಿಯಿತ್ತು.

ಈಗ ನಾನು ನೋಡಿಕೊಳ್ಳುವ ಮಿಷಿನ್ನುಗಳನ್ನು ಎಣಿಸಲಾರೆ. ನೂರು ಕೈಗಳು ಮಾಡುತ್ತಿದ್ದ ಕೆಲಸವನ್ನು ಹೊಸ ಸಾಧನಗಳು ಒಂದೇ ಆಜ್ಞೆಗೆ ಮಾಡಿ ಮುಗಿಸುತ್ತವೆ, ಗೇಟಿನ ನಿಯಮಗಳು ಕಣ್ಣುಮುಚ್ಚಿ ತೆರೆಯುವುದರಲ್ಲಿ ಸಿದ್ಧ. ಹೊಸ ಮಿಷಿನ್ನು ಬಂದಾಗೆಲ್ಲ ಮೊದಲು ಅದರ 6147ನೇ ಬಾಗಿಲು ತಟ್ಟಿ ನೀನು ಯಾರು ಎಂದು ಕೇಳುವಂತೆ ಇಟ್ಟಿದ್ದೇನೆ. ಬೇರೆ ನಂಬರು ಇಡಬಹುದು. ಇಡುವುದಿಲ್ಲ.

ಆ ಒಣ ನಿಂಬೆಹಣ್ಣನ್ನು ಕೈಯಲ್ಲಿ ಹಿಡಿದೇ ಅದನ್ನು ಆಂಟಿಗೆ ಹೇಳಿದೆ. ಫೋನಿನಲ್ಲಿ ತೆಗೆದು ತೋರಿಸಿದೆ, ಹೆಸರುಗಳ ಉದ್ದ ಸಾಲು, ಮುಂದೆಲ್ಲ ಹಾಜರ್ ಎಂದು. ಅವರು ಕನ್ನಡಕ ಹಾಕಿಕೊಂಡು ಬೆರಳಿಂದ ಸರಿಸುತ್ತ ಕೊನೆಯವರೆಗೂ ನೋಡಿದರು.

"ಇಷ್ಟು ಜನ ದಿನಾ ಅವರ ನಂಬರಿಗೆ ಹೆಸರು ಹೇಳ್ತಾರಾ?"

"ದಿನಾ ಹೇಳ್ತಾರೆ ಆಂಟಿ."

"ಹೂಂ" ಎಂದರು. ಕಣ್ಣೊರೆಸಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗುಜರಿಗೆ ಹಾಕಲು ಮಿಷಿನ್ನುಗಳ ವೈರು ಕೀಳಲು ಹೊರಟರು. ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ, ನನ್ನ ಪಕ್ಕದ ಮಿಷಿನ್ನಿಗೆ ಕೈ ಹಾಕಿದೆ. ಅವರು ನನ್ನ ಕೈ ತಡೆದು, ಆ ತುದಿಗೆ ನಡೆದುಹೋಗಿ, ಹಿತ್ತಲ ಬಾಗಿಲ ಕಡೆಯಿಂದ ಶುರುಮಾಡಿದರು. ಎಷ್ಟೋ ವರ್ಷಗಳಿಂದ ಆ ವೈರುಗಳಲ್ಲಿ ಕರೆಂಟೇ ಇರಲಿಲ್ಲ.

"ಆಂಟಿ, ಈಗ ಯಾವುದು ಮೊದಲು ಕಿತ್ತರೂ ನಡೆಯುತ್ತೆ."

ಆಂಟಿ ತಿರುಗಿ ನೋಡಲಿಲ್ಲ. "ನಿಮ್ಮ ಸಾರ್ ಹಾಗಂತ ನಂಗೇನೂ ಹೇಳಿಲ್ಲ" ಎಂದು ಮೊದಲನೆಯದನ್ನು ಕಿತ್ತು, ಬೀಪ್ ಬರುತ್ತದೋ ಎಂಬಂತೆ ಒಂದು ಗಳಿಗೆ ಕಾದು, ಪಕ್ಕದ್ದಕ್ಕೆ ಕೈ ಹಾಕಿದರು.